ಇಟಲಿಯವನ ಅಕ್ಕ

ಇಟಲಿಯ ಆ ದೊಡ್ಡ ಸಿನಿಮಾ ನಿರ್ದೇಶಕನಿಗೆ ಒಬ್ಬಳು ಅಕ್ಕ ಇದ್ದಳೋ ಇಲ್ಲವೋ ಎಂಬುದು ಕೊಳ್ಳೇಗಾಲದಲ್ಲಿ ಯಾರ ತಲೆಯನ್ನೂ ಕೆಡಿಸಬೇಕಾದ ವಿಷಯವಲ್ಲ. ನನ್ನ ತಲೆಯನ್ನು ಮಾತ್ರ ಎರಡು ವರ್ಷ ಕೆಡಿಸಿತು. ತಪ್ಪು ನನ್ನದೇ. ನಾನು ಆಗ ಅಲ್ಲಿನ ಒಂದು ಹೈಸ್ಕೂಲಿನಲ್ಲಿ ಇಂಗ್ಲಿಷ್ ಮೇಡಂ. ಭಾನುವಾರದ ಪುರವಣಿಯೊಂದಕ್ಕೆ ಟೆಂಟ್ ಸಿನಿಮಾದ ಬಗ್ಗೆ ಎರಡು ಲೇಖನ ಬರೆದಿದ್ದೆ. ಮೈಸೂರಿನಲ್ಲಿ ನನಗೆ ಎಂ.ಎ. ಪಾಠ ಹೇಳಿದ್ದ ಮೇಷ್ಟ್ರು ಅವನ್ನು ಓದಿ, ತಾವು ಸಂಪಾದಿಸುತ್ತಿದ್ದ ಪುಟ್ಟ ಪುಸ್ತಕಗಳ ಮಾಲೆಗೆಂದು ಈ ಇಟಲಿಯವನನ್ನು ನನ್ನ ಕೊರಳಿಗೆ ಕಟ್ಟಿದರು. ಅರವತ್ತನಾಲ್ಕು ಪುಟ, ಸರಳ ಕನ್ನಡ, ಆರು ತಿಂಗಳು ಎಂದು ಕಾರ್ಡಿನಲ್ಲಿ ಬರೆದಿದ್ದರು. ಆ ಮಹಾಶಯನ ಚಿತ್ರಗಳಲ್ಲಿ ನಾನು ನೋಡಿದ್ದು ನಾಲ್ಕೇ. ಅದರಲ್ಲೂ ಒಂದರಲ್ಲಿ ಕೆಳಗಿನ ಇಂಗ್ಲಿಷ್ ಅಕ್ಷರಗಳು ಪರದೆಯಿಂದ ಜಾರಿ ಮುಂದಿನ ಸಾಲಿನವರ ತಲೆಗಳ ಮೇಲೆ ಬೀಳುತ್ತಿದ್ದವು. ಆಗುವುದಿಲ್ಲ ಎಂದು ಬರೆಯಬಹುದಿತ್ತು. ಜಂಬ ಬಿಡಲಿಲ್ಲ, ಒಪ್ಪಿಕೊಂಡೆ.

ಮೇಷ್ಟ್ರು ಬಸ್ಸಿನ ಪಾರ್ಸೆಲ್‌ನಲ್ಲಿ ಮೂರು ಪುಸ್ತಕ ಕಳಿಸಿದರು. ಒಂದು ಇಟ್ಟಿಗೆಯಷ್ಟು ದಪ್ಪ. ಯಾರೋ ಪ್ರೊಫೆಸರು ಬರೆದದ್ದು, ಪುಟದ ಅರ್ಧ ಅಡಿಟಿಪ್ಪಣಿ. ಇನ್ನೊಂದು ತೆಳ್ಳಗಿನದು, ನಿರ್ದೇಶಕನ ಜೊತೆ ಬಹಳ ಕಾಲ ಕೆಲಸ ಮಾಡಿದ ಗೆಳೆಯನದು. ಮೂರನೆಯದರಲ್ಲಿ ನಿರ್ದೇಶಕನೇ ಯಾರದೋ ಪ್ರಶ್ನೆಗಳಿಗೆ ಉತ್ತರ ಕೊಡುತ್ತಾ ತನ್ನ ಕತೆಯನ್ನು ತಾನೇ ಹೇಳಿಕೊಂಡಿದ್ದ. ನಾನು ಶಿಸ್ತಿನ ಹೆಂಗಸು. ಒಂದು ಫುಲ್‌ಸ್ಕೇಪ್ ಹಾಳೆಯಲ್ಲಿ ಉದ್ದಕ್ಕೆ ಎರಡು ಗೆರೆ ಎಳೆದು ಮೂರು ಕಾಲಂ ಮಾಡಿ, ಊರು, ಅಪ್ಪ, ಅಮ್ಮ ಎಂದು ತುಂಬುತ್ತಾ ಕೂತೆ.

ಅಪ್ಪನಲ್ಲೇ ಎಡವಿದೆ. ದಪ್ಪ ಪುಸ್ತಕದಲ್ಲಿ ಅಪ್ಪ ರೈಲ್ವೆ ಗುಮಾಸ್ತ. ತೆಳು ಪುಸ್ತಕದಲ್ಲಿ ಬ್ರೆಡ್ಡು ಸುಡುವವನು. ಮಗ ಹೇಳುವ ಪ್ರಕಾರ ಅಪ್ಪ ಮನೆಗೆ ಬಂದರೆ ಹೊಗೆಯ ವಾಸನೆಯೂ ಬ್ರೆಡ್ಡಿನ ವಾಸನೆಯೂ ಒಟ್ಟಿಗೆ ಬರುತ್ತಿತ್ತಂತೆ. ಓಹೋ, ರೈಲ್ವೆ ಕ್ಯಾಂಟೀನಿನಲ್ಲಿ ಬ್ರೆಡ್ಡು ಸುಡುತ್ತಿದ್ದ ಎಂದು ನಾನೇ ಪತ್ತೆ ಮಾಡಿದವಳಂತೆ ಹಿಗ್ಗಿದೆ. ಇಪ್ಪತ್ತು ಪುಟ ಕಳೆದ ಮೇಲೆ ಅದೇ ಮಗ, ನನ್ನಪ್ಪ ಹಡಗಿನಲ್ಲಿದ್ದ, ವರ್ಷಕ್ಕೊಮ್ಮೆ ಬರುತ್ತಿದ್ದ ಎಂದ. ಪುಸ್ತಕವನ್ನು ಮಂಚದ ಮೇಲೆ ಎಸೆದು ಸಾರಿಗೆ ಒಗ್ಗರಣೆ ಹಾಕಲು ಹೋದೆ.

ಆಮೇಲೆ ಅಕ್ಕ ಬಂದಳು. ದಪ್ಪ ಪುಸ್ತಕದ ಪ್ರಕಾರ ಅವನಿಗೊಬ್ಬಳು ಅಕ್ಕ ಇದ್ದು ನಾಲ್ಕನೇ ವಯಸ್ಸಿನಲ್ಲಿ ಜ್ವರ ಬಂದು ತೀರಿಕೊಂಡಳು. ತೆಳು ಪುಸ್ತಕದ ಪ್ರಕಾರ ಆ ಅಕ್ಕ ದಿವಿನಾಗಿ ಬದುಕಿದ್ದು, ಗುಂಡಿ ಮತ್ತು ದಾರ ಮಾರುವ ಅಂಗಡಿ ಇಟ್ಟುಕೊಂಡಿದ್ದಳು. ಇವನು ಎಷ್ಟು ದೊಡ್ಡವನಾದರೂ ಪ್ರತಿ ಭಾನುವಾರ ಅವಳ ಮನೆಗೆ ಊಟಕ್ಕೆ ಹೋಗುತ್ತಿದ್ದ. ಗೆಳೆಯನೂ ಒಂದೆರಡು ಸಲ ಹೋಗಿ ಉಂಡಿದ್ದನಂತೆ, ಬದನೆಕಾಯಿಯ ಯಾವುದೋ ಅಡುಗೆ. ಇನ್ನು ನಿರ್ದೇಶಕನ ಬಾಯಲ್ಲೇ ಕೇಳಿದರೆ, ನಾನು ಒಬ್ಬನೇ ಮಗ, ನನಗೆ ಒಡಹುಟ್ಟಿದವರಿಲ್ಲ ಎನ್ನುತ್ತಾನೆ. ಸತ್ತಳು, ಇದ್ದಳು, ಹುಟ್ಟಲೇ ಇಲ್ಲ. ಮೂರು ಕಾಲಮ್ಮಿನಲ್ಲಿ ಮೂರನ್ನೂ ಬರೆದು ಹಾಳೆಯನ್ನೇ ನೋಡುತ್ತಾ ಕೂತಿದ್ದೆ. ನನಗೆ ಅಳು ಬಂತು. ಬೇರೆಯವರಾಗಿದ್ದರೆ ನಕ್ಕು ಮುಂದೆ ಹೋಗುತ್ತಿದ್ದರು. ನನಗೇಕೆ ಅಳು ಬಂತು ಎಂದು ಹೇಳಬೇಕಾದರೆ ನಮ್ಮೂರಿಗೆ ಬರುತ್ತಿದ್ದ ಹೆಳವನ ವಿಷಯ ಹೇಳಬೇಕು.

ನಮ್ಮದು ಹನೂರಿನ ಹತ್ತಿರದ ಶಾಗ್ಯ. ಪ್ರತಿ ವರ್ಷ ಸುಗ್ಗಿ ಮುಗಿದ ಮೇಲೆ ಹೆಳವ ಎತ್ತಿನ ಮೇಲೆ ಕೂತು ಗಂಟೆ ಬಾರಿಸಿಕೊಂಡು ಬರುತ್ತಿದ್ದ. ಮನೆತನಗಳ ವಂಶಾವಳಿ ಬರೆದಿಟ್ಟು ಮನೆಮನೆಗೆ ಬಂದು ಓದುವುದು ಹೆಳವರ ಕಸುಬು. ಜಗಲಿಯ ಮೇಲೆ ಕಂಬಳಿ ಹಾಸಿ ಕೂರಿಸಿದರೆ ಉದ್ದನೆಯ ಪುಸ್ತಕ ಬಿಚ್ಚಿ, ಮೂಲಪುರುಷನಿಂದ ಹಿಡಿದು ತೊಟ್ಟಿಲಿನ ಕೂಸಿನವರೆಗೆ ರಾಗವಾಗಿ ಓದುತ್ತಿದ್ದ. ಆ ವರ್ಷ ಹುಟ್ಟಿದವರನ್ನು ಸೇರಿಸಿಕೊಂಡು, ಹೋದವರನ್ನು ಗುರುತು ಹಾಕಿಕೊಂಡು, ಮೊರದ ತುಂಬ ರಾಗಿ ಹಾಕಿಸಿಕೊಂಡು ಹೋಗುತ್ತಿದ್ದ. ನಮ್ಮ ತಾತನ ಮಕ್ಕಳ ಸರದಿ ಬಂದಾಗ ಹೀಗೆ ಓದುತ್ತಿದ್ದ: ‘ಮೊದಲ್ನೆ ಕೂಸು ಎಣ್ಣು, ಏಳು ವರ್ಸುಕ್ಕೆ ಅಮ್ಮ ಬಂದು ಒಂಟೋಯ್ತು.’ ಅಮ್ಮ ಬರುವುದೆಂದರೆ ಸಿಡುಬು. ಆ ಸಾಲು ಬರುವ ಹೊತ್ತಿಗೆ ನಮ್ಮಪ್ಪ ಪ್ರತಿ ವರ್ಷ ಎದ್ದು ರಾಗಿ ತರಲು ಒಳಗೆ ಹೋಗುತ್ತಿದ್ದರು. ಏಳು ವರ್ಷಕ್ಕೆ ಹೋದ ಅಕ್ಕನ ಸಂಕಟ ಇನ್ನೂ ಇದೆಯಲ್ಲ ಎಂದು ಚಿಕ್ಕವಳಾದ ನನಗೆ ಅಪ್ಪನ ಮೇಲೆ ಪ್ರೀತಿ ಉಕ್ಕುತ್ತಿತ್ತು.

ಎಂಬತ್ತರ ದಶಕದ ನಡುವೆ, ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ, ಜೊತೆಯ ಟೀಚರೊಬ್ಬರ ಮನೆಗೆಂದು ಯಳಂದೂರಿಗೆ ಹೋಗಿದ್ದೆ. ಸಂಜೆ ಟೆಂಟಿನಲ್ಲಿ ಯಾವುದೋ ಪಿಕ್ಚರ್ ನೋಡೋಣವೆಂದು ಹೊರಟೆವು. ಹೆಂಗಸರ ಗೇಟಿನಲ್ಲಿ ಎಲೆಅಡಿಕೆ ಜಗಿಯುತ್ತಾ ಟಿಕೆಟ್ ಹರಿಯುತ್ತಿದ್ದ ಹೆಂಗಸಿಗೆ ನಮ್ಮಪ್ಪನ ಮೂಗು. ನಾನು ಅವಳನ್ನೇ ನೋಡುವುದನ್ನು ಕಂಡು ಅವಳೇ ಕೇಳಿದಳು, ‘ಯಾವೂರವ್ವ?’ ಶಾಗ್ಯ ಎಂದೆ. ಯಾರ ಮನೆ ಎಂದು ಕೇಳಿದಳು. ಹೇಳಿದೆ. ಟಿಕೆಟ್ಟಿನ ಕಟ್ಟು ಹಿಡಿದ ಕೈ ಹಾಗೇ ನಿಂತಿತು. ಹಿಂದಿನವರು ನೂಕುತ್ತಿದ್ದರು.

‘ನಿಮ್ಮಪ್ಪ ಈಗ್ಲೂವೆ ಉಣ್ಣಾವಾಗ ಉಪ್ಪಿನ್ಕಾಯ ತಟ್ಟೆ ಅಂಚ್ನಲ್ಲಿ ಇಕ್ಕಂಡು ಕೊನೇಲಿ ನೆಕ್ತಾನಾ?’ ಎಂದಳು.

ಏಳು ವರ್ಷಕ್ಕೆ ಸಿಡುಬು ಬಂದು ಸತ್ತ ನಮ್ಮ ಸೋದರತ್ತೆ! ಪಿಕ್ಚರ್ ಶುರುವಾದದ್ದೂ ಮುಗಿದದ್ದೂ ನನಗೆ ತಿಳಿಯಲಿಲ್ಲ.

ಆಮೇಲೆ ಭಾನುವಾರಗಳಲ್ಲಿ, ಅಪ್ಪನಿಗೆ ಗೊತ್ತಿಲ್ಲದಂತೆ, ಯಳಂದೂರಿನ ಪಕ್ಕದ ಅಗರದಲ್ಲಿದ್ದ ಅತ್ತೆಯ ಮನೆಗೆ ಹೋಗತೊಡಗಿದೆ. ನಡೆದದ್ದು ಇಷ್ಟು. ಹದಿನಾಲ್ಕಕ್ಕೆ ಅವಳನ್ನು ಕೌದಳ್ಳಿಗೆ ಕೊಟ್ಟು ಮದುವೆ ಮಾಡಿದ್ದರು. ಆ ಊರಿಗೆ ಟೆಂಟ್ ಸಿನಿಮಾ ಬಂದಿತ್ತು. ಟೆಂಟು ಎತ್ತಿದ ದಿನ ಅತ್ತೆಯೂ ಹೋಗಿದ್ದಳು, ಪ್ರೊಜೆಕ್ಟರ್ ಓಡಿಸುವವನ ಜೊತೆ, ಅವನು ಬೇರೆ ಜಾತಿ. ಮುಂದಿನ ಸುಗ್ಗಿಯಲ್ಲಿ ಹೆಳವ ಬಂದಾಗ ತಾತ ಒಂದು ಹೆಣ್ಣು ಕರು ಕೊಟ್ಟು, ಅವಳು ಏಳು ವರ್ಷಕ್ಕೇ ಸತ್ತಳೆಂದು ಬರೆಸಿದರು. ಏಳಕ್ಕೆ ಸತ್ತರೆ ಹದಿನಾಲ್ಕರ ಮದುವೆಯೂ ಇಲ್ಲ, ಓಡಿಹೋದದ್ದೂ ಇಲ್ಲ. ಇಡೀ ಊರಿಗೆ ನಿಜ ಗೊತ್ತಿತ್ತು. ಗೊತ್ತಿಲ್ಲದವರು ಆಮೇಲೆ ಹುಟ್ಟಿದ ನಾವು ಮಕ್ಕಳು ಮಾತ್ರ.

ಯಾಕೆ ಹೋದೆ ಎಂದು ಅತ್ತೆಯನ್ನು ಕೇಳಿದರೆ ಅದಕ್ಕೂ ಒಂದೇ ಉತ್ತರವಿಲ್ಲ. ಒಂದು ಸಲ ಗಂಡ ಸೌದೆ ತಕ್ಕೊಂಡು ಬಡೀತಿದ್ದ ಎಂದಳು. ಇನ್ನೊಂದು ಸಲ, ಗಂಡ ಪಾಪದವನು, ಅವನ ತಾಯಿ ಕೂಳು ಹಾಕುತ್ತಿರಲಿಲ್ಲ ಎಂದಳು. ಮತ್ತೊಂದು ಸಲ ನಗುತ್ತಾ, ‘ಅರ್ಧ ಪಿಚ್ಚರ್ ನೋಡಿದ್ನಾ, ಮಿಕ್ಕಿದ್ದ ನೋಡ್ಬೇಕಾಗಿತ್ತು ಕಣ್ ಕೂಸು’ ಎಂದಳು. ನನಗೆ ರೇಗುತ್ತಿತ್ತು. ಯಾವುದು ಸರಿ ಹೇಳಬಾರದೇ? ಟೆಂಟ್ ಮುಚ್ಚಿ, ಪ್ರೊಜೆಕ್ಟರ್ ಓಡಿಸುತ್ತಿದ್ದ ಗಂಡನೂ ತೀರಿಕೊಂಡು, ಮಕ್ಕಳಿಲ್ಲದ ಅತ್ತೆ ಎರಡು ಕುರಿ ಕಟ್ಟಿಕೊಂಡು ಒಬ್ಬಳೇ ಇದ್ದಳು. ಅವಳಿಗೆ ಒಂದೇ ಒಂದು ಚಿಂತೆ. ನಮ್ಮ ಕಡೆ ಮದುವೆಯಾದ ಹೆಣ್ಣು ಸತ್ತರೆ ತವರಿನಿಂದ ಸೀರೆ ಬರಬೇಕು. ಮೈ ತೊಳೆದ ಮೇಲೆ ಅದನ್ನು ಉಡಿಸಿಯೇ ಎತ್ತುವುದು.

‘ಬುಕ್ಕಲ್ಲಿ ಏಳು ವರ್ಸುಕ್ಕೇ ಸತ್ತೋಳ್ಗೆ ಯಾರ್ ಸೀರೆ ತಂದಾರು?’ ಎನ್ನುತ್ತಿದ್ದಳು. ‘ಎಳವನ ಕೈಲಿ ನನ್ನ ಬದುಕ್ಸು ಕೂಸು. ಆಮೇಕೆ ಸಾಯ್ತೀನಿ.’

ಇದೇ ಹೊತ್ತಿಗೆ ಮೈಸೂರಿನ ಪಾರ್ಸೆಲ್ ಬಂದದ್ದು. ಅತ್ತೆಗೆ ಓದು ಬಾರದು, ಆದರೆ ಸಿನಿಮಾ ಎಂದರೆ ಕಿವಿ ನಿಮಿರುತ್ತಿತ್ತು. ವಾರಕ್ಕೊಂದಿಷ್ಟು ಆ ಇಟಲಿಯವನ ಕತೆ ಹೇಳುತ್ತಿದ್ದೆ. ಅವನ ಚಿತ್ರಗಳ ಬಗ್ಗೆ ಹೇಳಿದರೆ ಆಕಳಿಸುವಳು. ಅಕ್ಕನ ವಿಷಯ ಹೇಳಿದ ದಿನ ಎದ್ದು ಕೂತಳು.

‘ಗುಂಡಿ ಅಂಗ್ಡಿ ಇಟ್ಟಿದ್ಳಾ? ಸರಿ ಬುಡು, ಬದುಕವ್ಳೆ.’

‘ಅವನೇ ನನಗೆ ಅಕ್ಕ ಇಲ್ಲ ಅಂತಾನಲ್ಲ ಅತ್ತೆ?’

‘ನಿಮ್ಮಪ್ಪನ ಕೇಳ್ ನೋಡು, ಅವ್ನೂ ಅಂಗೇ ಅಂತಾನೆ. ರೀಲ್ ತುಂಡಾದ್ರೆ ನಮ್ಮನೆಯೋರು ಕತ್ರಿಸಿ ಅಂಟಿಸ್ತಿದ್ರು. ಆ ನಡುವ್ಲ ತುಂಡಲ್ಲಿದ್ದೋರು ಸತ್ತೋಗಿಲ್ಲ ಕೂಸು, ಕಸದಲ್ಲಿ ಬಿದ್ದಿರೋರು.’

ನಾನು ಅವಳ ಮಾತಿಗೆ ತಲೆದೂಗಿ ಕೊಳ್ಳೇಗಾಲಕ್ಕೆ ಬಂದೆ. ಬಂದು ದಪ್ಪ ಪುಸ್ತಕ ತೆಗೆದರೆ ಅಡಿಟಿಪ್ಪಣಿಯಲ್ಲಿ ಚರ್ಚಿನ ಮರಣದ ದಾಖಲೆಯಿದೆ ಎಂದಿತ್ತು. ದಾಖಲೆಯಿದ್ದ ಮೇಲೆ ಸತ್ತಿರಲೇಬೇಕಲ್ಲ. ಹಾಗಾದರೆ ಗೆಳೆಯ ಉಂಡ ಬದನೆಕಾಯಿ ಯಾರು ಮಾಡಿದ್ದು? ಹುಡುಗಿಯರ ಉತ್ತರಪತ್ರಿಕೆಗಳಲ್ಲಿ ಹಾಕಿದಂತೆ ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿದೆ. ಮೇಷ್ಟ್ರಿಗೆ ಕಾಗದ ಬರೆದೆ. ಗೊಂದಲವಿರುವ ಕಡೆ ದಪ್ಪ ಪುಸ್ತಕವನ್ನು ನಂಬಿ, ಬೇಗ ಮುಗಿಸಿ ಎಂದು ಉತ್ತರ ಬಂತು.

ಆ ವರ್ಷದ ಸುಗ್ಗಿಯಲ್ಲಿ ರಜೆ ಹಾಕಿ ಶಾಗ್ಯಕ್ಕೆ ಹೋಗಿ ಹೆಳವನಿಗಾಗಿ ಕಾದೆ. ಹಳೆಯ ಹೆಳವ ಹೋಗಿ ಅವನ ಮಗ ಬರುತ್ತಿದ್ದ. ಎತ್ತಿನ ಬದಲು ಮೊಪೆಡ್. ನಮ್ಮ ಜಗಲಿಯಲ್ಲಿ ಎಂದಿನ ಹಾಗೆ ಓದಿದ. ಏಳು ವರ್ಷದ ಸಾಲು ಬಂದಾಗ ಅಪ್ಪ, ವಯಸ್ಸಾಗಿದ್ದರೂ, ಮಂಡಿ ಹಿಡಿದುಕೊಂಡು ಎದ್ದು ಒಳಗೆ ಹೋದರು. ನಾನು ಹೆಳವನನ್ನು ಊರಾಚೆ ಹಿಡಿದು ನಿಲ್ಲಿಸಿ ಎಲ್ಲ ಹೇಳಿ, ಅಗರಕ್ಕೆ ಬಂದು ಅವಳು ಬದುಕಿದ್ದಾಳೆಂದು ತಿದ್ದಿ ಓದು ಎಂದು ಗೋಗರೆದೆ. ಅವನು ಬಹಳ ಹೊತ್ತು ಮೊಪೆಡ್ಡಿನ ಹಾರನ್ನನ್ನು ಬೆರಳಲ್ಲಿ ಸವರುತ್ತಾ ನಿಂತಿದ್ದು, ‘ಬತ್ತೀನಿ ಬುಡವ್ವ’ ಎಂದ.

ಬಂದ. ಅತ್ತೆ ಮನೆ ಮುಂದೆ ಸಾರಿಸಿ ರಂಗೋಲಿ ಬಿಟ್ಟಿದ್ದಳು. ಅಕ್ಕಪಕ್ಕದ ನಾಲ್ಕು ಹೆಂಗಸರನ್ನು ಕರೆದು ಕೂರಿಸಿದ್ದಳು. ಹೆಳವ ಕಂಬಳಿಯ ಮೇಲೆ ಕೂತು ಪುಸ್ತಕ ಬಿಚ್ಚಿ ಮೂಲಪುರುಷನಿಂದ ಶುರು ಮಾಡಿದ. ಅತ್ತೆ ತಲೆಯ ಮೇಲೆ ಸೆರಗು ಹೊದ್ದು ಕೈಮುಗಿದುಕೊಂಡಿದ್ದಳು. ತಾತನ ಮಕ್ಕಳ ಸರದಿ ಬಂತು. ‘ಮೊದಲ್ನೆ ಕೂಸು ಎಣ್ಣು, ಅಗರದಲ್ಲಿ ಮನೆ ಕಟ್ಟಿ ಬದುಕಿ ಬಾಳ್ತಾವ್ಳೆ’ ಎಂದು ಒಂದು ಚೂರೂ ಅಳುಕದೆ ರಾಗವಾಗಿ ಓದಿದ. ಅತ್ತೆಯ ಕಣ್ಣಲ್ಲಿ ನೀರು ಧಾರಾಕಾರ. ನನಗೂ ಅಷ್ಟೇ. ಮೊರದ ತುಂಬ ಅಕ್ಕಿ, ಅದರ ಮೇಲೆ ತನ್ನ ಒಂದೇ ಒಂದು ಒಳ್ಳೆಯ ಸೀರೆ ಇಟ್ಟು ಕೊಟ್ಟಳು.

ಇಲ್ಲಿ ನನ್ನ ಕೆಟ್ಟ ಚಾಳಿ ಅಡ್ಡ ಬಂತು. ಯಾರ ಕೈಯಲ್ಲಿ ಅಕ್ಷರವಿದ್ದರೂ ಬಗ್ಗಿ ನೋಡುವುದು. ಅವನು ಅಕ್ಕಿ ಕಟ್ಟುತ್ತಿದ್ದಾಗ ತೆರೆದಿದ್ದ ಪುಟ ನೋಡಿದೆ. ಹಳೆಯ ಹೆಳವನ ದಪ್ಪ ಅಕ್ಷರ, ಏಳು ವರ್ಷಕ್ಕೆ ಅಮ್ಮನ ಪಾಲು ಎಂದು ಹಾಗೇ ಇತ್ತು. ಒಂದು ಗೀಟೂ ಬಿದ್ದಿರಲಿಲ್ಲ.

ನಾಲೆಯ ಏರಿಯವರೆಗೆ ಅವನ ಹಿಂದೆ ನಡೆದು ಹೋಗಿ ಬಾಯಿಗೆ ಬಂದದ್ದು ಬೈದೆ. ಮುದುಕಿಗೆ ಓದು ಬಾರದು ಎಂದು ಮೋಸ ಮಾಡುತ್ತೀಯಾ, ಸೀರೆ ಹೇಗೆ ತಗೊಂಡೆ, ನಾಚಿಕೆ ಇಲ್ಲವಾ ಎಂದೆಲ್ಲ ಕೂಗಾಡಿದೆ. ಅವನು ಗಾಡಿ ನಿಲ್ಲಿಸಿದ.

‘ಬರೆದಿರೋದ ಒಡೆಯಾಕೆ ನಂಗೆ ಅಧಿಕಾರ ಇಲ್ಲ ಕಣವ್ವ. ನಿಮ್ಮ ತಾತ ಕರ ಕೊಟ್ಟವ್ರೆ, ನಮ್ಮಪ್ಪ ಬರೆದವ್ರೆ. ಆ ಮುದ್ಕಮ್ಮುನ್ ಎದ್ರುಗೆ ನೀ ಸತ್ತೋಗಿದ್ದೀಯೆ ಅಂತ ಎಂಗವ್ವ ಓದ್ಲಿ ನಾನು? ನೀವಾಗಿದ್ರೆ ಓದ್ತಿದ್ರಾ?’

ಎಂದವನು ಸೀರೆಯನ್ನು ನನ್ನ ಕೈಗಿಟ್ಟು ಹೊರಟುಹೋದ. ಅವನು ಕಳ್ಳನೋ ಒಳ್ಳೆಯವನೋ ಎಂದು ಇವತ್ತಿಗೂ ತೀರ್ಮಾನಿಸಲು ಆಗಿಲ್ಲ. ಸೀರೆಯನ್ನು ಅತ್ತೆಗೆ ವಾಪಸು ಕೊಡುವ ಹಾಗಿರಲಿಲ್ಲ, ನನ್ನ ಬೀರುವಿನಲ್ಲಿ ಇಟ್ಟುಕೊಂಡೆ.

ಪುಸ್ತಕ ಕೊನೆಗೂ ಮುಗಿಯಿತು. ಹೇಗೆ ಮುಗಿಯಿತು ಎಂದು ಕೇಳಬೇಡಿ. ಪರೀಕ್ಷೆಯ ಕಾಲ, ಮೌಲ್ಯಮಾಪನ, ಮೇಷ್ಟ್ರ ಮೂರನೇ ಕಾರ್ಡು. ಕೊನೆಯ ವಾರದಲ್ಲಿ ಮೂರು ಕಾಲಮ್ಮಿನ ಹಾಳೆಯನ್ನು ಮಡಿಚಿಟ್ಟು, ದಪ್ಪ ಪುಸ್ತಕ ಹಿಡಿದು, ಅದು ಹೇಳಿದ ಹಾಗೆ ಬರೆದುಕೊಂಡು ಹೋದೆ. ಅಪ್ಪ ರೈಲ್ವೆ ಗುಮಾಸ್ತನಾದ. ಎಲ್ಲ ಸಲೀಸಾಯಿತು. ಅಚ್ಚಾಗಿ ಬಂದ ಹತ್ತು ಪ್ರತಿಗಳಲ್ಲಿ ಒಂದನ್ನು ಹಿಡಿದು ಮುಂದಿನ ಭಾನುವಾರವೇ ಅಗರಕ್ಕೆ ಓಡಿದೆ. ಅತ್ತೆಗೆ ಆಗ ಎದ್ದು ಓಡಾಡಲು ಆಗುತ್ತಿರಲಿಲ್ಲ. ಪುಸ್ತಕವನ್ನು ಮೂಸಿ ನೋಡಿ, ನನ್ನ ಹೆಸರಿರುವ ಜಾಗ ತೋರಿಸಿಕೊಂಡು ಬೆರಳಿಟ್ಟು ಸವರಿ, ಆಮೇಲೆ ಕೇಳಿದಳು.

‘ಆವಯ್ಯನ್ ಅಕ್ಕನ್ ಇಸ್ಯ ಬರೆದಿದ್ದೀಯಾ? ಓದು.’

ಪುಟ ತಿರುಗಿಸಿದೆ. ಒಂಬತ್ತನೇ ಪುಟ. ನನ್ನದೇ ಕನ್ನಡ. ‘ಇವನ ಅಕ್ಕ ನಾಲ್ಕನೇ ವಯಸ್ಸಿನಲ್ಲಿ ಜ್ವರದಿಂದ ತೀರಿಕೊಂಡಳು.’ ಬರೆಯುವಾಗ ಒಂದು ಕ್ಷಣವೂ ಕೈ ನಿಂತಿರಲಿಲ್ಲ. ನಾಲೆಯ ಏರಿಯ ಮೇಲೆ ಅಷ್ಟು ಕೂಗಾಡಿ ಬಂದವಳು, ಅಷ್ಟು ದೂರದ ಒಬ್ಬ ಹೆಂಗಸನ್ನು ದಪ್ಪ ಪುಸ್ತಕ ಹೇಳಿತೆಂದು ಒಂದೇ ಸಾಲಿನಲ್ಲಿ ಕೊಂದು ಮುಂದೆ ಹೋಗಿದ್ದೆ. ಅತ್ತೆ ನನ್ನ ಮುಖವನ್ನೇ ನೋಡುತ್ತಿದ್ದಳು.

‘ಇವನ ಅಕ್ಕ...’ ಎಂದು ಶುರು ಮಾಡಿದೆ. ‘ಇವನ ಅಕ್ಕ ಅದೇ ಊರಿನಲ್ಲಿ ಗುಂಡಿಯ, ಅಂದರೆ ಗುಂಡಿ, ದಾರದ ಅಂಗಡಿ ಇಟ್ಟುಕೊಂಡಿದ್ದಳು. ಇವನು ಪ್ರತಿ ಭಾನುವಾರ... ಭಾನುವಾರ ಅವಳ ಮನೆಗೆ ಊಟಕ್ಕೆ ಹೋಗುತ್ತಿದ್ದನು.’

‘ಇನ್ನೊಂದು ದಪ ಓದು.’

ಓದಿದೆ. ಎರಡನೇ ಸಲ ದಾರ ಮರೆತುಹೋಯಿತು, ಬದನೆಕಾಯಿ ಸೇರಿಕೊಂಡಿತು. ಅತ್ತೆ ನನ್ನ ಕೈಮೇಲೆ ಕೈಯಿಟ್ಟಳು.

‘ಎಳವ ನಿನ್ಗಿಂತ ಚೆನ್ನಾಗ್ ಓದ್ದ ಕೂಸು. ನಿನ್ನಂಗೆ ತಡವರಿಸ್ಲಿಲ್ಲ.’

ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಇವಳಿಗೆ ಅವತ್ತೇ ಗೊತ್ತಿತ್ತು. ಗೊತ್ತಿದ್ದೂ ಅಷ್ಟು ಅತ್ತಳು, ಗೊತ್ತಿದ್ದೂ ಸೀರೆ ಕೊಟ್ಟಳು. ಯಾಕೆ ಎಂದು ಕೇಳುವ ಧೈರ್ಯ ಬರಲಿಲ್ಲ. ಕೇಳಿದ್ದರೆ ಅದಕ್ಕೂ ಮೂರು ಉತ್ತರ ಕೊಡುತ್ತಿದ್ದಳೋ ಏನೋ.

‘ನಿಮ್ಮಪ್ಪ ಸೀರೆ ತರಾಕಿಲ್ಲ,’ ಎಂದಳು. ‘ನೀನೇ ತಂದ್ಬುಡು. ಯಾರ್ ಕಳುಸ್ದೋರು ಅಂತ ಕೇಳುದ್ರೆ ನನ್ ತಮ್ಮ ಅಂತ ಯೋಳು. ಆಗ್ಲಾರೂ ಸರ್ಯಾಗ್ ಯೋಳು.’

ಅತ್ತೆ ಹೋದದ್ದು ಎರಡು ಸಾವಿರದ ನಾಲ್ಕರಲ್ಲಿ. ಬೆಳಿಗ್ಗೆ ಪ್ರಾರ್ಥನೆ ಮುಗಿಯುತ್ತಿದ್ದಾಗ ಸ್ಕೂಲಿನ ಫೋನಿಗೆ ಸುದ್ದಿ ಬಂತು. ನಾನು ಶಾಗ್ಯದ ಪಕ್ಕದ ಮನೆಯ ನಂಬರಿಗೆ ಮಾಡಿ ಅಪ್ಪನನ್ನು ಕರೆಸಿದೆ. ಮೊದಲ ಬಾರಿಗೆ ಅಪ್ಪನ ಎದುರು ಅವಳ ಮಾತೆತ್ತಿ, ನಿಮ್ಮ ಅಕ್ಕ ಹೋದಳು ಎಂದೆ.

‘ಯಾವಕ್ಕ? ನಮ್ಮಕ್ಕ ಏಳು ವರ್ಸುಕ್ಕೇ ಓದ್ಳಲ್ಲ’ ಎಂದರು. ಆದರೆ ಫೋನ್ ಇಡಲಿಲ್ಲ. ನಾನೂ ಇಡಲಿಲ್ಲ. ಅವರ ಉಸಿರು ಕೇಳಿಸುತ್ತಿತ್ತು. ಏನಾದರೂ ಹೇಳುತ್ತಾರೆ ಎಂದು ಕಾದೆ. ಕೊನೆಗೆ ಪಕ್ಕದ ಮನೆಯವರೇ ಫೋನ್ ತಗೊಂಡು, ನಿಮ್ಮಪ್ಪ ಮನೆ ಕಡೀಕೆ ಒಂಟೋದ್ರು ಕಣವ್ವ ಎಂದರು.

ಪೇಟೆಯಲ್ಲಿ ಒಂದು ಸೀರೆ ಕೊಂಡು ಮಧ್ಯಾಹ್ನದ ಹೊತ್ತಿಗೆ ಅಗರ ತಲುಪಿದೆ. ಮೈ ತೊಳೆದು ಮಲಗಿಸಿದ್ದರು. ಆ ನಾಲ್ಕು ಹೆಂಗಸರೂ ಇದ್ದರು. ಅವರಲ್ಲಿ ಹಿರಿಯಳು ಸೀರೆ ಬಿಚ್ಚಿ ಅಂಚು ನೋಡಿ, ಎಲ್ಲರಿಗೂ ಕೇಳುವ ಹಾಗೆ, ‘ತವರಿಂದ ಯಾರವ್ವ ಕಳುಸ್ದೋರು?’ ಎಂದಳು.

‘ಅವರ ತಮ್ಮ,’ ಎಂದೆ. ‘ಶಾಗ್ಯದಿಂದ. ಮಂಡಿನೋವು, ಬರುವುದಕ್ಕೆ ಆಗಲಿಲ್ಲ. ನಮ್ಮಕ್ಕನಿಗೆ ಉಡಿಸಿ ಅಂತ ಕೈಯಾರೆ ಕೊಟ್ಟು ಕಳಿಸಿದರು.’

ಈ ಸಲ ನಾನು ಎಲ್ಲೂ ತಡವರಿಸಲಿಲ್ಲ.